ಹಲ್ಲ ಮೇಲಿನ ಹಲ್ಲು

ಹಲ್ಲಿನ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ, ಮೀನಿನ ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ, ಎಡಗೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತಿರುವ ದಪ್ಪ ಕನ್ನಡಕದ ಹೆಂಗಸನ್ನು ಕಂಡು ನೀವು ಅಯ್ಯೋ ಪಾಪ ಅಂದುಕೊಂಡಿರೋ, ಮೋಸಹೋದಿರಿ. ಅವಳಿಗೆ ಹಲ್ಲುನೋವಿಲ್ಲ. ಐವತ್ತು ದಾಟಿದರೂ ಬಾಯಲ್ಲಿ ಒಂದು ಹಲ್ಲೂ ಅಲುಗಿಲ್ಲ. ಅವಳು ನಮ್ಮ ದೊಡ್ಡಮ್ಮ, ಅಮ್ಮನ ಒಡಹುಟ್ಟಿದ ಅಕ್ಕ. ಅದೇ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಅವಳ ಕೆಲಸ. ಕರವಸ್ತ್ರ ಬರೀ ನಾಟಕ.

ನಾಟಕ ಯಾಕೆಂದರೆ, ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು, ಅದಕ್ಕೆ ಪ್ಲಾಸ್ಟರು ಹುಯ್ದು, ಬಂದ ದವಡೆಯ ಮೇಲೆ ಪೆನ್ಸಿಲಿನಲ್ಲಿ ಒಂದು ನಂಬರು ಬರೆದು ಒಳಗೆ ಕಳಿಸುತ್ತಾರೆ. ಆ ನಂಬರು ಗಂಡೋ ಹೆಣ್ಣೋ, ದುಂಡುಮುಖವೋ ಕೋಲುಮುಖವೋ ಒಳಗಿರುವವಳಿಗೆ ತಿಳಿಯುವಂತಿಲ್ಲ. "ಆಳು ನೋಡದೆ ಅಂಗಿ ಹೊಲಿ ಅಂದ್ರೆ ಯಾವ ದರ್ಜಿ ಹೊಲೀತಾನೆ?" ಎಂದು ಕೆಲಸಕ್ಕೆ ಸೇರಿದ ವರ್ಷವೇ ದೊಡ್ಡಮ್ಮ ಜಗಳ ತೆಗೆದಳಂತೆ. ಡಾಕ್ಟರು ಜಗ್ಗಲಿಲ್ಲ. ಇವಳೂ ಬಗ್ಗಲಿಲ್ಲ. ಮಾರನೆಯ ದಿನವೇ ಕರವಸ್ತ್ರ ಹಿಡಿದುಕೊಂಡು ರೋಗಿಗಳ ನಡುವೆ ಬಂದು ಕೂತಳು.

ಕೂತು ಮಾಡುವುದೇನು? ಪಕ್ಕದವರನ್ನು ಮಾತಿಗೆಳೆದು ನಗಿಸುವುದು. "ಈ ಡಾಕ್ಟ್ರು ಬಹಳ ಒಳ್ಳೇವ್ರು. ಹೋದ ವಾರ ನನ್ನ ಹಲ್ಲು ಬಿಟ್ಟು ಪಕ್ಕದ ಕುರ್ಚಿಯವರ ಹಲ್ಲು ಕಿತ್ರು, ಆದ್ರೂ ನನಗೆ ನೋವು ಹೋಯ್ತು" ಎನ್ನುತ್ತಾಳೆ, ಮುಖ ಗಂಟುಹಾಕಿಕೊಂಡು. ಎಂಥ ಹಲ್ಲುನೋವಿನವರೂ ಅದಕ್ಕೆ ನಗುತ್ತಾರೆ. ನಕ್ಕಾಗ ಮೇಲ್ದುಟಿ ಎಷ್ಟು ಮೇಲೆ ಹೋಗುತ್ತದೆ, ಯಾವ ಕಡೆ ಎಳೆಯುತ್ತದೆ, ಉಳಿದ ಹಲ್ಲು ಎಷ್ಟು ಹಳದಿ, ಎಲ್ಲವನ್ನೂ ಅವಳು ಕಣ್ಣಲ್ಲೇ ಅಳೆದುಕೊಂಡು ಒಳಗೆ ಹೋಗುತ್ತಾಳೆ. ಒಬ್ಬ ಮಾತ್ರ ಆ ಮಾತನ್ನು ನಂಬಿ ಮೆಟ್ಟಿಲಿಳಿದು ಓಡಿಹೋಗಿದ್ದ. ಕ್ಲಿನಿಕ್ಕಿನ ಕೆಳಗಿರುವ ಜೆರಾಕ್ಸ್ ಅಂಗಡಿ ನನ್ನದಾದ್ದರಿಂದ ಅವನನ್ನು ಹಿಡಿದು ನಿಲ್ಲಿಸಿ ವಾಪಸು ಕಳಿಸಿದ್ದು ನಾನೇ.

ಅವಳದೊಂದು ಸಿದ್ಧಾಂತ ಉಂಟು. "ಹಲ್ಲು ಎಷ್ಟು ಚೆನ್ನಾಗಿದೆ ಅಂತ ಯಾರಾದ್ರೂ ಅಂದ್ರೆ ನನ್ನ ಕೆಲಸ ಕೆಟ್ಟಿದೆ ಅಂತ ಅರ್ಥ. ಕಟ್ಟಿಸಿದ್ದು ಅಂತ ಯಾರಿಗೂ ಗೊತ್ತಾಗಬಾರದು." ವಾಚ್ ರಿಪೇರಿಯ ಮುದುಕರಿಗೆ ಅವಳು ಕಟ್ಟಿದ ಸೆಟ್ಟಿನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಅಕ್ಕಿಕಾಳು ತೂರುವಷ್ಟು ಸಂದು ಬಿಟ್ಟಿದ್ದಾಳೆ, ಅವರ ಹಳೆಯ ಹಲ್ಲಿನಲ್ಲಿ ಹಾಗೆ ಇತ್ತೆಂದು. ಒಬ್ಬ ಲಾರಿ ಡ್ರೈವರನ ಮುರುಕು ಹಲ್ಲನ್ನು ಮುರುಕಾಗಿಯೇ ಮಾಡಿಕೊಟ್ಟಿದ್ದಾಳೆ. ಹೊಸ ಹಲ್ಲಿಗೆ ಅರದಲ್ಲಿ ಸವೆತ ಕೊಟ್ಟು, ಟೀ ಕಲೆಯ ಬಣ್ಣ ಹಚ್ಚಿ ಹಳೆಯದು ಮಾಡುವುದನ್ನು ನಾನೇ ನೋಡಿದ್ದೇನೆ. ಡಾಕ್ಟರು ನಿಟ್ಟುಸಿರು ಬಿಡುತ್ತಾರೆ. ರೋಗಿಗಳು ಕೈಮುಗಿಯುತ್ತಾರೆ.

ಇಂಥವಳ ಗಂಡನ ಬಾಯಲ್ಲಿ ಎಂಟು ತಿಂಗಳು ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದು ಹೀಗೇ ಹುಟ್ಟಿರಬೇಕು.

ದೊಡ್ಡಪ್ಪನದು ಎರಡು ರಸ್ತೆ ಆಚೆ ಕಟಿಂಗ್ ಷಾಪು. ಎರಡು ಕುರ್ಚಿ, ಗೋಡೆಯುದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಎರಡನೆಯ ಕುರ್ಚಿಯ ಗೇರು ಕೆಟ್ಟು ಎಷ್ಟೋ ವರ್ಷವಾಗಿದೆ, ಅದರಲ್ಲಿ ಕೂತವರು ತಾವಾಗಿಯೇ ಕೆಳಗಿಳಿಯುತ್ತಾರೆ. ಆದರೂ ಬೆಂಚು ಯಾವಾಗಲೂ ಭರ್ತಿ, ಯಾಕೆಂದರೆ ಅವರಿಗೆ ರೇಡಿಯೋ ಎಂದು ಹೆಸರು. ಕತ್ತರಿಗಿಂತ ಬಾಯಿ ಜೋರು. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾರ ಅಳಿಯ ಮುನಿಸಿಕೊಂಡಿದ್ದಾನೆ, ಯಾವ ಬಸ್ಸಿನ ಡ್ರೈವರು ಸ್ಟಾಪು ಮರೆತು ಮುಂದೆ ಹೋದ, ಎಲ್ಲ ಅಲ್ಲಿ ಪ್ರಸಾರವಾಗುತ್ತಿತ್ತು. ಚಾಡಿಯಲ್ಲ, ಚಾಡಿ ಅವರಿಗೆ ಬರುತ್ತಿರಲಿಲ್ಲ. ಸೋರುವ ನಲ್ಲಿಯ ಕಥೆಯನ್ನು ಅವರು ಹೇಳಿದರೆ ನಲ್ಲಿಯ ಯಜಮಾನನೂ ಕೂತು ಕೇಳುತ್ತಿದ್ದ.

ಅವರ ಮೇಲ್ಸಾಲಿನ ಮುಂದಿನ ಎರಡು ಹಲ್ಲು ನೆಟ್ಟಗಿರಲಿಲ್ಲ. ಒಂದು ಇನ್ನೊಂದರ ಮೇಲೆ, ಕಾಲ ಮೇಲೆ ಕಾಲು ಹಾಕಿ ಕೂತ ಸಾಹುಕಾರನ ಹಾಗೆ, ಏರಿಕೊಂಡಿತ್ತು. ಮೀಸೆಯನ್ನು ಉದ್ದಕ್ಕೆ ಬಿಟ್ಟು ಅದರ ಮೇಲೆ ಪರದೆ ಎಳೆದುಕೊಂಡಿದ್ದರು. ಮಾತಾಡುವಾಗ ಏನೂ ಕಾಣುತ್ತಿರಲಿಲ್ಲ. ಕಥೆ ಮುಗಿದು ಷಾಪಿಗೆ ಷಾಪೇ ನಗುವಾಗ ಅವರು ಮಾತ್ರ ನಗದೆ ಆ ಕಡೆ ತಿರುಗಿ ಪೌಡರ್ ಡಬ್ಬಿ ಹುಡುಕುತ್ತಿದ್ದರು. ತನ್ನ ಜೋಕಿಗೆ ತಾನು ನಗಬಾರದು ಎಂಬ ಕಲೆ ಅದು ಎಂದು ನಾನು ತಿಳಿದಿದ್ದೆ. ಮನೆಯಲ್ಲಿ, ದೊಡ್ಡಮ್ಮನ ಎದುರಿಗೆ, ಅವರು ಬಾಯಿ ಅಗಲಿಸಿ ನಗುವುದನ್ನು ನೋಡಿದಾಗಲೂ ನನಗೆ ಹೊಳೆದಿರಲಿಲ್ಲ. ದಡ್ಡನಿಗೆ ಎರಡು ಕಣ್ಣಿದ್ದರೆ ಏನು ಬಂತು?

ಒಸಡಿನ ಕಾಯಿಲೆ ಸದ್ದಿಲ್ಲದೆ ಬಂತು. ಜೊತೆಗೆ ಸಕ್ಕರೆ ಕಾಯಿಲೆ. ಮುಂದಿನ ನಾಲ್ಕು ಹಲ್ಲು ಎಷ್ಟು ಸಡಿಲವಾಗಿದ್ದವೆಂದರೆ ಅಚ್ಚು ತೆಗೆಯಲು ಡಾಕ್ಟರೇ ಹೆದರಿದರು, ಅಚ್ಚಿನ ಜೊತೆಗೇ ಹಲ್ಲು ಬಂದುಬಿಟ್ಟರೆ ಎಂದು. ಒಂದೇ ದಿನ ನಾಲ್ಕನ್ನೂ ಕಿತ್ತರು. ಪಕ್ಕದ ಹುಳುಕು ಹಲ್ಲೊಂದರ ಬೇರು ಗಟ್ಟಿಯಿದ್ದದ್ದರಿಂದ ಅದನ್ನು ಉಳಿಸಿ ಮೇಲೊಂದು ಕ್ಯಾಪು ಕೂರಿಸಿದರು. ಗಾಯ ಒಣಗಿದ ಮೇಲೆ ಗೋಡೆಯ ಚಿತ್ರಪಟ ತೋರಿಸಿ ಬೆತ್ತ ಆಡಿಸಿ ಅರ್ಧ ಗಂಟೆ ವಿವರಿಸಿದರು, ಖಾಲಿ ಜಾಗಕ್ಕೆ ಏನೇನು ಮಾಡಬಹುದೆಂದು. ದೊಡ್ಡಪ್ಪ ತಲೆಯಾಡಿಸಿ ಮನೆಗೆ ಬಂದು, ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, "ಏನಂದ್ರು ಅವ್ರು?" ಎಂದು ಹೆಂಡತಿಯನ್ನು ಕೇಳಿದರು.

ದೊಡ್ಡಮ್ಮ ಅವರ ಪೆಟ್ಟಿಗೆಯಿಂದ ಒಂದು ಬಾಚಣಿಗೆ ತೆಗೆದು ನಡುವಿನ ನಾಲ್ಕು ಹಲ್ಲನ್ನು ಪಟಪಟ ಮುರಿದಳು.

"ಹೊಸ ಬಾಚಣಿಗೆ ಕಣೇ" ಎಂದರು ದೊಡ್ಡಪ್ಪ.

"ಇರ್ಲಿ. ನೋಡಿ ಈಗ. ಒಂದು ದಾರಿ, ಪ್ಲೇಟು. ಅಂಗುಳಕ್ಕೆ ಅಂಟಿ ಕೂರೋ ಒಂದು ತೆಳು ಹಲಗೆ, ಅದಕ್ಕೆ ನಾಲ್ಕು ಹಲ್ಲು, ಪಕ್ಕದ ಹಲ್ಲು ಹಿಡ್ಕೊಳ್ಳೋಕೆ ತಂತಿ. ರಾತ್ರಿ ತೆಗೆದು ನೀರಲ್ಲಿ ಇಡಬೇಕು. ಮೊದಮೊದಲು ಬಾಯಲ್ಲಿ ಯಾರೋ ನೆಂಟ್ರು ಬಂದು ಕೂತ ಹಾಗಿರತ್ತೆ, ಆಮೇಲೆ ರೂಢಿ ಆಗತ್ತೆ. ಎರಡನೇದು ಬ್ರಿಜ್ಜು. ಈ ಕಡೆ ಹಲ್ಲು, ಆ ಕಡೆ ಹಲ್ಲು, ಎರಡನ್ನೂ ಅರೆದು ಸಣ್ಣ ಮಾಡಿ ಅದರ ಮೇಲೆ ಸೇತುವೆ ಕೂರಿಸೋದು. ತೆಗೆಯೋ ಹಾಗಿಲ್ಲ, ಗಟ್ಟಿ. ಆದ್ರೆ ಎರಡೂ ಕಂಬಾನೂ ಗಟ್ಟಿ ಇರಬೇಕು, ನಿಮ್ಮ ಕಂಬ ನನಗೆ ಗೊತ್ತು. ಮೂರನೇದು, ದವಡೆ ಮೂಳೆಗೇ ತಿರುಪು ಹಾಕಿ ಅದರ ಮೇಲೆ ಹಲ್ಲು ನಿಲ್ಲಿಸೋದು. ಇಂಪ್ಲಾಂಟು. ಅಪ್ಪಟ ಹಲ್ಲಿದ್ದ ಹಾಗೇ ಇರತ್ತೆ. ಆದ್ರೆ ಮೂಳೆ ಬೇಕು, ತಿಂಗಳುಗಟ್ಟಲೆ ಕಾಯಬೇಕು, ಅದಕ್ಕಿಂತ ಮೊದಲು ಸಕ್ಕರೆ ಇಳೀಬೇಕು."

ದೊಡ್ಡಪ್ಪ ಬಾಚಣಿಗೆಯನ್ನು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ನೀನು ಕೈಯಾರೆ ಮಾಡೋದು ಯಾವ್ದು?"

"ಪ್ಲೇಟು."

"ಅದೇ ಇರ್ಲಿ ಬಿಡು."

ಆ ಮಾತು ಕೇಳಿ ದೊಡ್ಡಮ್ಮ ಅಡುಗೆಮನೆಗೆ ಹೋಗಿ ಕಾರಣವಿಲ್ಲದೆ ಪಾತ್ರೆ ಸದ್ದು ಮಾಡಿದಳು. ಅವಳಿಗೆ ಖುಷಿಯಾದರೆ ಹಾಗೆ.

ಮೂರು ವಾರ ಅದನ್ನೇ ಮಾಡಿದಳು. ಮೇಣದ ಮೇಲೆ ಹಲ್ಲು ಕೂರಿಸಿ, ತೆಗೆದು, ಮತ್ತೆ ಕೂರಿಸಿ. ಕ್ಲಿನಿಕ್ಕಿನ ಸಿದ್ಧಹಲ್ಲುಗಳ ಪೆಟ್ಟಿಗೆಯಿಂದ ಒಳ್ಳೆಯವನ್ನೇ ಆರಿಸಿದಳು. ಒಂದರ ಪಕ್ಕ ಒಂದು, ನೆಟ್ಟಗೆ, ಸಮವಾಗಿ, ಒಸಡಿನ ಬಣ್ಣ ಕೂಡ ಹೊಂದಿಸಿ. ಸಿದ್ಧವಾದ ದಿನ ನನ್ನ ಅಂಗಡಿಗೆ ಇಳಿದು ಬಂದು ಕಾಗದದ ಮೇಲಿಟ್ಟು ತೋರಿಸಿದಳು. "ನನ್ನ ಸರ್ವೀಸಲ್ಲೇ ಇಂಥದು ಮಾಡಿರಲಿಲ್ಲ ಕಣೋ" ಎಂದಳು. ನಿಜವಾಗಿಯೂ ಚೆಲುವಾಗಿತ್ತು. ಹಾಗೆಂದು ಹೇಳಿದೆ. ನನ್ನ ಬಾಯಿಗಿಷ್ಟು ಬೂದಿ ಬೀಳಲಿ, ಅವಳ ಸಿದ್ಧಾಂತ ಆ ಹೊತ್ತಿಗೆ ಅವಳಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ದೊಡ್ಡಪ್ಪ ಹಾಕಿಕೊಂಡರು. ಷಾಪಿಗೆ ಬಂದವರೆಲ್ಲ ಹೊಗಳಿದರು. "ಏನ್ ಹಲ್ಲು, ಏನ್ ಹಲ್ಲು, ಮದುವೆ ಗಂಡಿನ ಹಾಗಿದೀರಲ್ಲ" ಎಂದರು. ದೊಡ್ಡಮ್ಮ ಅವತ್ತು ಷಾಪಿನ ಬಾಗಿಲಿಗೆ ಬಂದು ಇಣುಕಿ ನೋಡಿ, "ಈಗ ನೋಡಿ ಎಷ್ಟು ಚೆಂದ" ಎಂದು ಎಲ್ಲರ ಎದುರಿಗೇ ಹೇಳಿಹೋದಳು. ಆರನೆಯ ದಿನ ಪ್ಲೇಟು ನೀರಿನ ಲೋಟಕ್ಕೆ ಹೋಯಿತು. ಮತ್ತೆ ಬಾಯಿಗೆ ಏರಲಿಲ್ಲ.

"ಚುಚ್ಚತ್ತೆ" ಎಂದರು. ಅವಳು ಅರದಲ್ಲಿ ಉಜ್ಜಿದಳು. "ಒತ್ತತ್ತೆ" ಎಂದರು. ಪ್ಲೇಟನ್ನೇ ಹೊಸದಾಗಿ ಮಾಡಿದಳು, ಹಲ್ಲು ಅವೇ. "ವಾಂತಿ ಬಂದ ಹಾಗಾಗತ್ತೆ" ಎಂದರು. ಹಿಂದಿನ ಅಂಚು ಕತ್ತರಿಸಿ ಮೂರನೆಯ ಸಲ ಮಾಡಿದಳು. ಕೊನೆಗೆ ಟಾರ್ಚು ಹಿಡಿದು ಬಾಯಿ ತೆಗೆಸಿ ನೋಡಿದಳು. ಎಲ್ಲಿಯೂ ಕೆಂಪಿಲ್ಲ, ಗಾಯವಿಲ್ಲ. "ಒಸಡು ಸುಳ್ಳು ಹೇಳಲ್ಲ ಕಣೋ, ಈ ಮನುಷ್ಯ ಹೇಳ್ತಿದಾರೆ" ಎಂದು ನನ್ನ ಹತ್ತಿರ ಬಂದು ಹೇಳಿದಳು. ಬ್ರಿಜ್ಜು ಹಾಕಿಸೋಣವೆಂದರೆ ಬೇಡ. ಸಕ್ಕರೆ ಇಳಿಸಿ ತಿರುಪು ಹಾಕಿಸೋಣವೆಂದರೆ ಅದೂ ಬೇಡ. ಕಾರಣ ಮಾತ್ರ ಇಲ್ಲ.

ಹಲ್ಲಿಲ್ಲದಿದ್ದರೆ ಬೇಡ, ಮಾತು ನಿಂತಿತಲ್ಲ, ಅದು ತಡೆಯಲಾಗದ್ದು. ಬೇರೆ ಯಾವ ಕೆಲಸದವನೂ ದಿನವಿಡೀ ಕನ್ನಡಿಯ ಮುಂದೆ ನಿಲ್ಲುವುದಿಲ್ಲ. ಗಿರಾಕಿಯ ತಲೆಯ ಮೇಲೆ ತನ್ನದೇ ಬಾಯಿ ಕಾಣುತ್ತಿರುವಾಗ ಅದನ್ನು ತೆರೆಯುವುದು ಹೇಗೆ? ಅವರು ತುಟಿ ಬಿಗಿಹಿಡಿದು ಕತ್ತರಿ ಆಡಿಸತೊಡಗಿದರು. ರೇಡಿಯೋ ಬಂದಾಯಿತು. ಜನ ಮೊದಲ ತಿಂಗಳು ಕನಿಕರಪಟ್ಟರು, ಎರಡನೆಯ ತಿಂಗಳು ಎದುರುಗಡೆಯ ಟಿವಿ ಇರುವ ಕಟಿಂಗ್ ಷಾಪಿಗೆ ಹೋದರು. ಮನೆಯಲ್ಲೂ ಅಷ್ಟೇ. ಊಟ ಬಡಿಸಿದರೆ ಹೂಂ, ನೀರು ಕೊಟ್ಟರೆ ಹೂಂ. ಮೂವತ್ತೊಂದು ವರ್ಷ ಮಾತಿನಲ್ಲಿ ಮುಳುಗಿದ್ದ ಮನೆಯಲ್ಲಿ ಗೋಡೆ ಗಡಿಯಾರ ಕೇಳಿಸುವಂತಾಯಿತು. "ಬೈದರೂ ಸಾಕಿತ್ತು" ಎಂದಳು ದೊಡ್ಡಮ್ಮ ಒಂದು ದಿನ. ಜೆರಾಕ್ಸ್ ಮಿಷನ್ನಿಗೆ ಒರಗಿ ನಿಂತಿದ್ದಳು, ಕನ್ನಡಕ ತೆಗೆದು ಒರೆಸಿಕೊಂಡಳು. ಆಮೇಲೆ ನನ್ನ ತಲೆ ನೋಡಿದಳು.

"ಹೋಗಿ ಕಟಿಂಗ್ ಮಾಡಿಸ್ಕೊಂಡು ಬಾ."

"ಹತ್ತು ದಿನ ಆಗಿಲ್ಲ ದೊಡ್ಡಮ್ಮ."

"ಇರೋ ನಾಲ್ಕು ಕೂದಲು ಹೋದ್ರೆ ಹೋಗ್ಲಿ. ನನ್ನ ಆಟ ಅವರಿಗೆ ಗೊತ್ತು, ನಾನು ಕೇಳಿದ್ರೆ ಬಾಯಿ ಬಿಡಲ್ಲ. ನೀನು ಬಿಡಿಸು."

ಹೋದೆ. ಷಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ದೊಡ್ಡಪ್ಪ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಕತ್ತರಿಸಲು ಏನಿದೆ ಎಂದು ಹುಡುಕತೊಡಗಿದರು. ನಾನು ದೊಡ್ಡಮ್ಮನ ವಿದ್ಯೆಯನ್ನೇ ಬಳಸಿದೆ, ಒಂದೆರಡು ಸುಳ್ಳು ಕಥೆ ಹೇಳಿದೆ. ಬೆಲ್ಲ ಹಾಕಿದರೂ ಕಲ್ಲು ಕರಗಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ಮೂರು ಸಲ ಮಾಡಿದ್ಲು ಅವಳು" ಎಂದೆ. "ಮೂರು ಸಲ. ಊರಿಗೆಲ್ಲ ಹಲ್ಲು ಕಟ್ಟೋಳ ಗಂಡ ಬೊಚ್ಚುಬಾಯಲ್ಲಿ ಓಡಾಡ್ತಾನೆ ಅಂತ ಜನ ಆಡ್ಕೊಂಡ್ರೆ ಅವಳ ಮರ್ಯಾದೆ ಏನಾಗ್ಬೇಕು ದೊಡ್ಡಪ್ಪ?"

ಕತ್ತರಿ ನಿಂತಿತು. ಅವರು ಡ್ರಾಯರು ಎಳೆದು, ಒಂದು ಸಣ್ಣ ಡಬ್ಬಿಯಿಂದ ಪ್ಲೇಟನ್ನು ತೆಗೆದು ನನ್ನ ಮುಂದೆ ಹಿಡಿದರು. ದಿನಾ ಅದನ್ನು ಷಾಪಿಗೆ ತರುತ್ತಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು.

"ಇದು ಯಾರ ಬಾಯಿ ಹೇಳು."

"ನಿಮ್ಮದೇ."

"ನಂದಲ್ಲ. ಅವಳಿಗೆ ಬೇಕಾಗಿದ್ದ ಗಂಡಂದು." ಕೈಯನ್ನು ಬಾಯಿಗೆ ಅಡ್ಡ ತರಲು ಮರೆತು ಅವರು ಮಾತಾಡಿದರು. "ಆ ವಾಚ್ ರಿಪೇರಿಯವರಿಗೆ ಸಂದು ಬಿಟ್ಟು ಕಟ್ಟಿದ್ಲು. ಲಾರಿಯವನಿಗೆ ಮುರುಕು ಹಲ್ಲು ಮುರುಕಾಗೇ ಮಾಡಿದ್ಲು. ಯಾರು ಹೇಗಿದ್ರೋ ಹಾಗೇ. ನನ್ನ ಪಾಳಿ ಬಂದಾಗ ಮಾತ್ರ ಯಾಕೆ ನೆಟ್ಟಗೆ ಕಟ್ಟಿದ್ಲು? ಚಿಕ್ಕಂದಿನಿಂದ ಎಲ್ಲರೂ ಆಡ್ಕೊಂಡಿದಾರೆ ನನ್ನ. ಫೋಟೋ ತೆಗೆಯೋನು ಬಾಯಿ ಮುಚ್ಚಿ ಸಾರ್ ಅಂತಾನೆ. ಇವಳೊಬ್ಬಳು ಮೂವತ್ತೊಂದು ವರ್ಷದಲ್ಲಿ ಒಂದು ಮಾತಂದಿಲ್ಲ. ಇವಳ ಮುಂದೆ ನಾನು ಬಾಯ್ತುಂಬ ನಗ್ತಿದ್ದೆ. ಇವಳಿಗೆ ಏನೂ ಅನ್ನಿಸಲ್ಲ ಅಂದ್ಕೊಂಡಿದ್ದೆ ಕಣೋ. ಮನಸಲ್ಲಿ ಇಟ್ಕೊಂಡಿದ್ಲು. ಕೈಗೆ ಸಿಕ್ಕ ದಿನ ತಿದ್ದಿದ್ಲು. ಈಗ ನೋಡಿ ಎಷ್ಟು ಚೆಂದ ಅಂದ್ಲು."

ನಾನು ಬಟ್ಟೆಯೊಳಗೆ ಕೈ ಕಟ್ಟಿಕೊಂಡು ಕೂತೆ. ಆ ಮನುಷ್ಯ ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ದೊಡ್ಡಮ್ಮನಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಹಿಂದಿನ ಕೋಣೆಯಲ್ಲಿ ಬರ್ನರ್ ಉರಿಯುತ್ತಿತ್ತು, ಕೈಯಲ್ಲಿ ಮೇಣದ ಚಾಕು ಇತ್ತು. ಮೊದಲು ಉರಿದುಬಿದ್ದಳು. "ತಲೆ ನೆಟ್ಟಗಿದೆಯಾ ಅವರಿಗೆ? ಗಂಡ ಚೆನ್ನಾಗಿ ಕಾಣಲಿ ಅಂದ್ಕೊಂಡಿದ್ದು ತಪ್ಪಾ? ಹಗಲೂ ರಾತ್ರಿ ಕೂತು ಮಾಡಿದೀನಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋ ಹಾಗೆ ಮಾತಾಡಿದ್ರಾ?" ಎಂದಳು. ಹೀಗೇ ಸ್ವಲ್ಪ ಹೊತ್ತು ಹೋಯಿತು. ಆಮೇಲೆ ಅವಳೇ ಬರ್ನರ್ ಆರಿಸಿದಳು.

"ಹೊಸದಾಗಿ ಮದುವೆ ಆದಾಗ ಅತ್ತಿದ್ದೆ" ಎಂದಳು. "ಆ ಹಲ್ಲು ನೋಡಿ. ನಿಮ್ಮಮ್ಮನ ಹತ್ರ ಬಿಟ್ರೆ ಯಾರ ಹತ್ರಾನೂ ಹೇಳಿಲ್ಲ. ಇಪ್ಪತ್ತೆರಡು ವಯಸ್ಸು, ಏನು ಬುದ್ಧಿ ಇರತ್ತೆ. ಹತ್ತು ದಿನ ಇತ್ತೋ ಏನೋ ಆ ಬೇಜಾರು, ಆಮೇಲೆ ಎಲ್ಲಿ ಹೋಯ್ತೋ ನನಗೇ ಗೊತ್ತಿಲ್ಲ. ಪೂರ್ತಿ ಹೋಗಿರಲಿಲ್ಲ ಅಂತ ಕಾಣತ್ತೆ. ಕೈಯಲ್ಲಿ ಉಳಿದಿತ್ತು." ತನ್ನ ಕೈಯನ್ನೇ ನೋಡಿಕೊಂಡಳು. "ಇಷ್ಟು ವರ್ಷ ಯಾರ ಬಾಯನ್ನೂ ನನ್ನ ಮನಸಿಗೆ ಬಂದ ಹಾಗೆ ಮಾಡಲಿಲ್ಲ. ಇವರದನ್ನ ಮಾಡಿದೆ."

ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ದೊಡ್ಡಮ್ಮ ಎಂದರೆ ನನಗೆ ಸಣ್ಣಂದಿನಿಂದ ಸ್ವಲ್ಪ ಭಯ, ಬಹಳ ಪ್ರೀತಿ. ಅವತ್ತು ಪ್ರೀತಿ ಮಾತ್ರ ಇತ್ತು.

ಮಾರನೆಯ ದಿನದಿಂದ ಮತ್ತೆ ಕೆಲಸಕ್ಕೆ ಕೂತಳು. ಈ ಸಲ ಹೇಗಿತ್ತೋ ಹಾಗೇ ಕಟ್ಟಬೇಕು, ಒಂದರ ಮೇಲೊಂದು. ಎರಡು ದಿನ ಕಳೆದ ಮೇಲೆ ನನ್ನ ಅಂಗಡಿಗೆ ಬಂದಳು. ಮುಖ ಸುಣ್ಣದಂತಾಗಿತ್ತು.

"ಯಾವ್ದು ಮೇಲಿತ್ತೋ?"

"ಏನು?"

"ಎಡದ್ದೋ ಬಲದ್ದೋ? ಯಾವ ಹಲ್ಲು ಮುಂದೆ, ಯಾವ್ದು ಹಿಂದೆ? ನನಗೆ ನೆನಪಾಗ್ತಿಲ್ಲ."

ನಾನು ಕಣ್ಣು ಮುಚ್ಚಿ ದೊಡ್ಡಪ್ಪನನ್ನು ನೆನಪಿಸಿಕೊಂಡೆ. ಮೀಸೆ ಬಂತು, ಹುಬ್ಬು ಬಂತು, ಹಲ್ಲು ಬರಲಿಲ್ಲ. ಮನೆಯ ಆಲ್ಬಮ್ಮುಗಳನ್ನೆಲ್ಲ ತಂದು ಮಿಷನ್ನಿನ ಮೇಲೆ ಹರಡಿ, ಅವರಿರುವ ಫೋಟೋಗಳನ್ನು ದೊಡ್ಡದು ಮಾಡಿ ತೆಗೆದೆ. ಒಂದರಲ್ಲೂ ಬಾಯಿ ತೆರೆದಿಲ್ಲ. ಮದುವೆಯ ಫೋಟೋದಲ್ಲಂತೂ ಯಾರೋ ಗದರಿಸಿ ಕೂರಿಸಿದ ಹಾಗಿದ್ದರು. ಕ್ಲಿನಿಕ್ಕಿನ ಹಳೆಯ ಎಕ್ಸ್‌ರೇ ಹುಡುಕಿದೆವು. ಎರಡು ಹಲ್ಲು ಒಂದರ ಮೇಲೊಂದು ಬಿದ್ದಿರುವುದು ಅದರಲ್ಲಿ ಕಂಡಿತು, ಯಾವುದು ಮುಂದೆ ಎಂದು ಕಾಣಲಿಲ್ಲ. ನೆರಳಿಗೆ ಹಿಂದುಮುಂದು ಎಲ್ಲಿಂದ ಬರಬೇಕು? ಡಾಕ್ಟರಿಗೆ ನೆನಪಿಲ್ಲ. ನಮ್ಮಮ್ಮ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ ಎಂದಳು. ಬೆಳಿಗ್ಗೆ ಎಡ ಎಂದಳು, ಸಂಜೆ ಬಲ ಎಂದಳು.

"ಎದೆ ನಡುಗತ್ತೆ ಕಣೋ" ಎಂದಳು ದೊಡ್ಡಮ್ಮ. "ಇನ್ನೊಂದು ಸಲ ತಪ್ಪಿದ್ರೆ ಆ ಮನುಷ್ಯ ಈ ಜನ್ಮದಲ್ಲಿ ನನ್ನ ಮುಂದೆ ಬಾಯಿ ಬಿಡಲ್ಲ."

ಕೊನೆಗೆ ಎರಡು ಮಾಡಿದಳು. ಎರಡೂ ಮೇಣದಲ್ಲೇ, ಇನ್ನೂ ಗಟ್ಟಿ ಮಾಡದೆ. ಒಂದರಲ್ಲಿ ಎಡದ ಹಲ್ಲು ಮೇಲೆ, ಇನ್ನೊಂದರಲ್ಲಿ ಬಲದ್ದು. ಷಾಪಿಗೆ ರಜೆ ಇದ್ದ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಡಬ್ಬಿಯನ್ನು ನನ್ನ ಕೈಯಲ್ಲಿ ಹೊರಿಸಿಕೊಂಡು ಹೊರಟಳು. ದೊಡ್ಡಪ್ಪ ಬಾಗಿಲು ಅರ್ಧ ಎಳೆದುಕೊಂಡು ಕೆಟ್ಟ ಕುರ್ಚಿಗೆ ಎಣ್ಣೆ ಬಿಡುತ್ತಿದ್ದರು. ಹೆಂಡತಿಯನ್ನು ಕಂಡು ಎದ್ದು ನಿಂತರು. ದೊಡ್ಡಮ್ಮ ಅವರನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಕನ್ನಡಿಗೆ ಬೆನ್ನಾಗಿ ತನ್ನ ಕಡೆಗೆ ತಿರುಗಿಸಿಕೊಂಡಳು.

"ರೀ, ಮದುವೆ ಆದಾಗ ನಿಮ್ಮ ಹಲ್ಲು ನೋಡಿ ನಾನು ಅತ್ತಿದ್ದು ನಿಜ."

ದೊಡ್ಡಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಬೆಂಚಿನ ಮೇಲಿದ್ದ ಹಳೆಯ ಪೇಪರನ್ನು ಓದತೊಡಗಿದೆ.

"ಗೊತ್ತಾಯ್ತು ಬಿಡು" ಎಂದರು.

"ಪೂರ್ತಿ ಕೇಳಿ. ಈ ಸಲ ಹೇಗಿತ್ತೋ ಹಾಗೇ ಕಟ್ಟೋಣ ಅಂತ ಕೂತೆ. ಎರಡು ವಾರದಿಂದ ಕೂತಿದೀನಿ. ಯಾವ ಹಲ್ಲು ಮೇಲಿತ್ತು ಅಂತ ನನಗೆ ನೆನಪಾಗ್ತಿಲ್ಲ."

"ನಿನಗೆ?"

"ನನಗೇ."

"ವೇಟಿಂಗ್ ರೂಮಲ್ಲಿ ಐದು ನಿಮಿಷ ನೋಡಿದೋರ ಹಲ್ಲನ್ನ ಹತ್ತು ವರ್ಷ ನೆನಪಿಟ್ಕೊಳ್ಳೋಳು ನೀನು."

"ಅವರ ಹಲ್ಲು ನೋಡ್ತೀನಿ, ನೆನಪಿರತ್ತೆ. ನಿಮ್ಮ ಹಲ್ಲನ್ನ ಯಾವತ್ತೋ ನೋಡೋದು ಬಿಟ್ಟಿದೀನಿ. ನೀವು ನಕ್ಕರೆ ನೀವು ನಗ್ತಿದೀರಿ ಅಂತ ಕಾಣ್ತಿತ್ತು, ಅಷ್ಟೇ. ಈಗ ಎಷ್ಟು ನೆನೆಸ್ಕೊಂಡ್ರೂ ಹಲ್ಲು ಬರ್ತಿಲ್ಲ, ನೀವೇ ಬರ್ತೀರಿ."

ನನ್ನ ಕೈಯಲ್ಲಿದ್ದ ಪೇಪರು ತಲೆಕೆಳಗಾಗಿದೆ ಎಂದು ಆಗ ಗಮನಿಸಿದೆ. ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಬಹಳ ದೊಡ್ಡ ವಿಷಯ ಹೇಳುವವರಂತೆ, "ಬಲದ್ದು" ಎಂದರು.

"ನಿಮ್ಮ ಬಲವೋ, ಎದುರಿಗೆ ನಿಂತ ನನ್ನ ಬಲವೋ?"

"ಕನ್ನಡೀಲಿ... ನಾನು ಕತ್ತರಿ ಹಿಡಿಯೋ ಕೈ ಕಡೆ." ಕೈಯೆತ್ತಿ ಗಾಳಿಯಲ್ಲಿ ಕತ್ತರಿ ಆಡಿಸಿದರು. ಆಮೇಲೆ ಇನ್ನೊಂದು ಕೈಯನ್ನೂ ಎತ್ತಿದರು. "ಇಲ್ಲ, ಬಾಚಣಿಗೆ ಕೈ ಕಡೆ. ಅಲ್ಲ ಇವಳೇ, ಇರು." ಎರಡು ಕೈಯನ್ನೂ ಮೇಲೆತ್ತಿಕೊಂಡು ಸಿಕ್ಕಿಬಿದ್ದ ಕಳ್ಳನ ಹಾಗೆ ಕೂತರು. "ನನಗೂ ಗೊತ್ತಾಗ್ತಿಲ್ಲ ಕಣೇ. ನಾನೂ ಸರಿಯಾಗಿ ನೋಡ್ಕೊಂಡೇ ಇಲ್ಲ."

ದೊಡ್ಡಮ್ಮ ಸ್ವಲ್ಪ ಯೋಚಿಸಿದಳು. ಆಮೇಲೆ ಡಬ್ಬಿ ತೆಗೆಸಿದಳು. "ಕಣ್ಣು ಮುಚ್ಚಿ. ನಿಮ್ಮನ್ನೂ ಕೇಳಲ್ಲ, ನನ್ನನ್ನೂ ಕೇಳಲ್ಲ. ನಾಲಿಗೆಯನ್ನ ಕೇಳೋಣ. ಅದು ಐವತ್ತು ವರ್ಷ ಆ ಹಲ್ಲಿನ ಹಿಂದೇನೇ ಇದ್ದಿದ್ದು."

ಮೊದಲನೆಯದನ್ನು ಮೆಲ್ಲಗೆ ಅವರ ಬಾಯಲ್ಲಿ ಕೂರಿಸಿದಳು. "ಹಿಂದಿನಿಂದ ನಾಲಿಗೆ ಆಡಿಸಿ. ಒತ್ತಬೇಡಿ." 

ಅವರ ಗದ್ದದ ಕೆಳಗಿನ ಅಲುಗಾಟದಿಂದ ನಾಲಿಗೆ ಸರಿದಾಡುವುದು ಗೊತ್ತಾಗುತ್ತಿತ್ತು. ಅತ್ತ ಹೋಯಿತು, ಇತ್ತ ಬಂತು, ಪರವೂರಿಗೆ ಬಂದವನು ವಿಳಾಸ ಹುಡುಕಿದಂತೆ. ಅವರು ತಲೆ ಅಡ್ಡ ಆಡಿಸಿದರು. ದೊಡ್ಡಮ್ಮ ಅದನ್ನು ತೆಗೆದು ಎರಡನೆಯದನ್ನು ಕೂರಿಸಿದಳು.

ಈ ಸಲ ನಾಲಿಗೆ ಹೋಯಿತು, ನಿಂತಿತು. ದೊಡ್ಡಪ್ಪ ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು ಮೀಸೆಗೆ ಸೇರಿತು.

"ಇದೇನಾ?" ಎಂದಳು ದೊಡ್ಡಮ್ಮ.

"ಹೂಂ" ಎಂದರು ದೊಡ್ಡಪ್ಪ. ಎಂಟು ತಿಂಗಳಿಂದ ಕೇಳಿದ ಹೂಂ ಅಲ್ಲ ಅದು.

"ಸದ್ಯ. ಈಗ ಬಾಯಿ ಮುಚ್ಕೊಂಡಿರಿ, ಮೇಣ ಇನ್ನೂ ಮೆತ್ತಗಿದೆ. ಮಾತಾಡಿದ್ರೆ ಹಲ್ಲು ಜಾರತ್ತೆ."

ದೊಡ್ಡಪ್ಪ ಕುರ್ಚಿಯನ್ನು ಕನ್ನಡಿಯ ಕಡೆ ತಿರುಗಿಸಿಕೊಂಡರು. ಮೀಸೆಯನ್ನು ಎರಡು ಬೆರಳಿಂದ ಸರಿಸಿ ತನ್ನ ಬಾಯನ್ನು ನೋಡಿಕೊಂಡರು. ಹಾಗೇ ಕನ್ನಡಿಯಲ್ಲಿ ಹೆಂಡತಿಯನ್ನು ನೋಡುತ್ತ, "ಎದುರುಗಡೆ ಟಿವಿ ಷಾಪಿನವನ ಕಥೆ ನಿನಗೆ ಹೇಳಿಲ್ಲ ಅಲ್ವಾ?" ಎಂದರು.

"ರೀ, ಮೇಣ."

"ಕೇಳು. ನಾಲ್ಕು ತಿಂಗಳ ಹಿಂದೆ ಒಬ್ಬ ಗಿರಾಕಿ ಕಾಲು ಚಾಚಿಕೊಂಡು ಟಿವಿ ನೋಡ್ತಾ ಕೂತಿದಾನೆ. ಇವನೂ ಟಿವಿ ನೋಡ್ಕೊಂಡೇ ಕತ್ತರಿ ಆಡಿಸ್ತಿದಾನೆ. ಅರ್ಧ ಮೀಸೆ ತೆಗೆದಾದ ಮೇಲೆ ಗಿರಾಕಿ ಹೇಳ್ತಾನೆ, ನಾನು ಬಂದಿದ್ದು ಬರೀ ಟಿವಿ ನೋಡೋಕೆ ಅಂತ..."

ಮೇಣದ ಕೆಲಸ ಮಾಡುವಾಗ ಯಾರಾದರೂ ಮೇಜು ಅಲುಗಿಸಿದರೂ ಚಾಕು ಎತ್ತುವವಳು ನಮ್ಮ ದೊಡ್ಡಮ್ಮ. ಎರಡು ವಾರ ಕೂತು ಜೋಡಿಸಿದ ಹಲ್ಲು ಗಂಡನ ಬಾಯಲ್ಲಿ ಒಂದೊಂದು ಮಾತಿಗೂ ಇಷ್ಟಿಷ್ಟೇ ಪಕ್ಕಕ್ಕೆ ಸರಿಯುವುದು ಅವಳಿಗೆ ಕಾಣುತ್ತಿತ್ತು. ನನಗೇ ಕಾಣುತ್ತಿತ್ತು. ಅವಳು ಹೋಗಿ ಕೆಟ್ಟ ಕುರ್ಚಿಯಲ್ಲಿ ಕೂತಳು, ಕುರ್ಚಿ ಮೆಲ್ಲಗೆ ಅವಳನ್ನು ಕೆಳಗಿಳಿಸಿತು, ಅವಳು ಅದನ್ನೂ ಲೆಕ್ಕಿಸದೆ ಗಂಡನ ಮುಖವನ್ನೇ ನೋಡುತ್ತ, "ಆಮೇಲೆ?" ಎಂದಳು.